ಸಹಿಯ ಮೇಲಿದ್ದ ಖಾಲಿ ಜಾಗ

ಊರಿನಲ್ಲಿ ಒಬ್ಬರೂ ಬೇಡವೆನ್ನಲಿಲ್ಲ ಎಂದು ಬರೆದವಳು ನಾನು. ಒಬ್ಬರು ಬೇಡ ಎಂದಿದ್ದರು. ನನ್ನ ಎದುರಿಗೇ ನಿಂತು, ಇದನ್ನು ಬರೆದುಕೋ ಎಂದು ಹೇಳಿಯೇ ಬೇಡ ಎಂದಿದ್ದರು. ನಾನು ತಲೆಯಾಡಿಸಿದ್ದೆ. ಆಮೇಲೆ ಅವರ ಸಹಿಯ ಮೇಲೆಯೇ, ಅವರು ತಮ್ಮ ಮಾತಿಗೆಂದು ಬಿಟ್ಟುಕೊಟ್ಟಿದ್ದ ಜಾಗದಲ್ಲಿಯೇ, ಆ ವಾಕ್ಯವನ್ನು ಬರೆದೆ.

ನಾಲ್ಕು ವರ್ಷವಾಯಿತು. ಇಷ್ಟು ದಿನ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರೂ ಇರಲಿಲ್ಲ ಎಂದು ಮುಂದುವರಿಸಲು ಹೊರಟಿದ್ದೆ — ಅದು ಸರಿಯಲ್ಲ. ಇದ್ದರು. ಅವ್ವ ಇದ್ದಳು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ನಾನು ಯಾರಿಗೆ ಅನ್ಯಾಯ ಮಾಡಿದೆನೋ ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅವ್ವನಿಗೂ ಬರುವುದಿಲ್ಲ. ಈ ತಪ್ಪನ್ನು ನಾನು ಮೊದಲು ಕನ್ನಡದಲ್ಲಿ ಬರೆಯಲು ಕುಳಿತೆ. ಆ ಆಯ್ಕೆಯಲ್ಲಿಯೂ ಒಂದು ಅಡಗುವಿಕೆ ಇತ್ತು.

ಅವ್ವನ ತವರು ನಮ್ಮೂರು ಆಳಂದದಿಂದ ಬಸ್ಸಿನಲ್ಲಿ ಒಂದು ತಾಸಿನ ದೂರ, ಆದರೆ ಮಹಾರಾಷ್ಟ್ರದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರನ್ನು ಕೇಳದೆ ಅವರ ಹೆಸರಿನಲ್ಲಿ ಬರೆದದ್ದು ಒಂದು ಸಲಕ್ಕೆ ಸಾಕು. ಗಡಿಯ ಈಚೆಗೂ ಆಚೆಗೂ ಅದೇ ತೊಗರಿ, ಅದೇ ಜೋಳ, ಮನೆಯೊಳಗೆ ಅದೇ ಕನ್ನಡ. ಬೋರ್ಡುಗಳು ಮಾತ್ರ ಮರಾಠಿ. ಅವ್ವ ಕಲಿಯುವಾಗ ಊರಿನಲ್ಲಿ ಇದ್ದದ್ದು ಮರಾಠಿ ಶಾಲೆ ಒಂದೇ. ಏಳನೆಯ ತರಗತಿಯ ತನಕ ಅವಳು ಕಲಿತಳು, ಪ್ರತಿ ವರ್ಷ ಮೊದಲನೆಯವಳಾಗಿ. ಎರಡನೆಯ ಸ್ಥಾನ ಯಾವಾಗಲೂ ಶಾಂತಾಬಾಯಿಯದು. ಶಾಂತಾಬಾಯಿ ಬೌದ್ಧ ಓಣಿಯವರು, ಬೌದ್ಧರಾದ ದಲಿತರು. ನಮ್ಮ ಅಜ್ಜನ ಮನೆಯ ಹೊಸ್ತಿಲನ್ನು ಅವರು ಎಂದೂ ದಾಟಿದವರಲ್ಲ. ಆದರೆ ಅವ್ವನ ಗೆಳೆತನವೆಂದರೆ ಅವರೊಬ್ಬರದೇ. ನನಗೆ ಅವರನ್ನು ಮೌಶಿ, ಅಂದರೆ ಚಿಕ್ಕವ್ವ, ಎಂದು ಕರೆಯಲು ಕಲಿಸಿದವಳೂ ಅವ್ವ.

ಮದುವೆಯಾಗಿ ಆಳಂದಕ್ಕೆ ಬಂದ ಅವ್ವ ಇಲ್ಲಿ ಅಕ್ಷರ ಬಾರದವಳಾದಳು. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಿ ಹೇಳುವುದು ನನಗೆ ತಿಳಿವಳಿಕೆ ಬಂದಾಗಿನಿಂದ ನನ್ನ ಕೆಲಸ. ಯಾರಾದರೂ ಕಾಗದ ಮುಂದೆ ಹಿಡಿದರೆ ಕನ್ನಡಕ ಮರೆತು ಬಂದೀನಿ ಎನ್ನುತ್ತಿದ್ದಳು. ಆಗ ಅವಳ ಹತ್ತಿರ ಕನ್ನಡಕವೇ ಇರಲಿಲ್ಲ. ನನ್ನ ಶಾಲೆಯ ಪ್ರಬಂಧ, ಬಹುಮಾನ ಬಂದ ಲೇಖನ, ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಬರೆದದ್ದು — ಯಾವುದನ್ನೂ ಅವ್ವ ಓದಲಿಲ್ಲ. ಕೈಯಲ್ಲಿ ಹಿಡಿದು, ಅಕ್ಷರ ಚಂದ ಅದ, ಎಂದು ಮರಳಿ ಕೊಡುತ್ತಿದ್ದಳು.

ಅವ್ವನ ಅಣ್ಣ ಮಲ್ಲಣ್ಣ ಮಾಮ ಆ ಊರಿನಲ್ಲಿಯೇ ಇದ್ದಾರೆ. ರಸ್ತೆಗೆ, ನೀರಿಗೆ, ಆಮೇಲೆ ಬಂದ ಕನ್ನಡ ಶಾಲೆಗೆ ಒಬ್ಬ ಮಾಸ್ತರನನ್ನು ಕೊಡಿ ಎಂದು, ಹೀಗೆ ಅರ್ಜಿ ಕೊಡುತ್ತಲೇ ಅವರ ತಲೆ ಬೆಳ್ಳಗಾಗಿತ್ತು. ಕೊನೆಗೆ ಅವರೂ ಇನ್ನೂ ಕೆಲವರೂ ಸೇರಿ, ಊರನ್ನೇ ಕರ್ನಾಟಕಕ್ಕೆ ಸೇರಿಸಿ ಎಂದು ಠರಾವು ಮಾಡುವುದೆಂದು ನಿಶ್ಚಯಿಸಿದರು. ನಾನು ಆಗ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಮಾಮ ಫೋನ್ ಮಾಡಿದರು.

"ನೀ ಬಾ ಬೇ ಸವಿತಾ. ನಮಗ ಕನ್ನಡ ಮಾತಾಡಾಕ ಬರ್ತದ, ಬರಿಯಾಕ ಬರಲ್ಲ. ಕನ್ನಡ ನಾಡಿಗಿ ಸೇರಸ್ರಿ ಅಂತ ಮರಾಠಿದಾಗ ಬರದು ಕೊಟ್ರ ಮಂದಿ ನಗ್ತಾರ."

ನಾನು ಹೋದೆ. ಯಾರೂ ಒತ್ತಾಯ ಮಾಡಲಿಲ್ಲ. ನನ್ನ ಬರಹ ಯಾರಿಗಾದರೂ ಬೇಕಾದದ್ದು ಅದೇ ಮೊದಲು.

ಆ ಊರಿನಲ್ಲಿ ಒಂದು ರೂಢಿ ಇದೆ. ಮೊದಲು ಸಹಿ, ಆಮೇಲೆ ಬರಹ. ಹೊಲಕ್ಕೆ ಹೋಗುವವರು ಕಾಗದ ಬರೆದು ಮುಗಿಯುವ ತನಕ ಕಾಯುವುದಿಲ್ಲ. ಉದ್ದನೆಯ ಹಾಳೆಯ ಕೆಳಗಿನ ಅರ್ಧದಲ್ಲಿ ಸಹಿ ಹಾಕಿ, ಇಲ್ಲವೇ ಹೆಬ್ಬೆಟ್ಟು ಒತ್ತಿ, ಹೋಗಿಬಿಡುತ್ತಾರೆ. ಮೇಲಿನ ಅರ್ಧವನ್ನು ಬರೆಯಲು ಬಲ್ಲವರು ಆಮೇಲೆ ತುಂಬುತ್ತಾರೆ. ಮಾಮನ ಕಪಾಟಿನಲ್ಲಿ ಅಂಥ ಹಾಳೆಗಳ ಒಂದು ಕಟ್ಟೇ ಇರುತ್ತಿತ್ತು. ಇದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಎಲ್ಲರೂ ಸೇರಿ ಆಡಿದ ಮಾತನ್ನು ಬರೆಯುವವರು ಬೇರೆ ಮಾಡಲಾರರು ಎಂಬ ಭರವಸೆ ಅದು. ಅಷ್ಟು ವರ್ಷ ಆ ಭರವಸೆ ಕೆಟ್ಟಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ಸಭೆ ಮರಾಠಿ ಶಾಲೆಯ ಅಂಗಳದಲ್ಲಿ ನಡೆಯಿತು. ತೊಗರಿ ಕೊಯ್ಲಿನ ದಿನಗಳು. ಜನ ಬಂದು ಒಂದೆರಡು ಮಾತು ಕೇಳಿ, ಸಹಿ ಹಾಕಿ ಹೊರಡುತ್ತಿದ್ದರು. ನಾನು ಮೇಜಿನ ಹಿಂದೆ ಕುಳಿತು ಹಾಳೆ ಸರಿಸಿಕೊಡುತ್ತಿದ್ದೆ. ಸಹಿಗಳೆಲ್ಲ ಮರಾಠಿ ಅಕ್ಷರದಲ್ಲಿದ್ದವು. ಕನ್ನಡ ನಾಡನ್ನು ಕೇಳುವ ಕಾಗದದಲ್ಲಿ ಕನ್ನಡದ ಸಹಿ ಒಂದೂ ಇರಲಿಲ್ಲ. ಅದನ್ನು ನೋಡಿ ನನಗೆ ಅವ್ವನ ಇಲ್ಲದ ಕನ್ನಡಕ ನೆನಪಾಯಿತು. ನಾನು ಮಾಡುತ್ತಿರುವುದು ದೊಡ್ಡ ಕೆಲಸ ಎನ್ನಿಸಿತು.

ಶಾಂತಾಬಾಯಿ ಕೊನೆಗೆ ಬಂದರು. ಊರಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸುವ ಸಹಾಯಕಿ ಅವರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಸುಜಾತಾ ಸೊಲ್ಲಾಪುರದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕಲಿಯುತ್ತಿದ್ದಳು. ಅವರು ಅಂಗಳದ ಅಂಚಿನಲ್ಲಿಯೇ ನಿಂತು, ನಾನೂ ಒಂದು ಮಾತು ಹೇಳುವುದಿದೆ ಎಂದರು. ಮಾಮ ಕೈ ಮಾಡಿ, ಹೇಳು, ಎಂದರು.

"ನಾವು ಕನ್ನಡ ಮಾತಾಡ್ತೇವ್ರಿ, ಅದು ಖರೆ. ಆದ್ರ ನಮ್ಮ ಕಾಗದ ಎಲ್ಲಾ ಮರಾಠಿ ಮಾತಾಡ್ತಾವ. ನನ್ನ ಮಗಳ ಸರ್ಟಿಫಿಕೇಟು, ಆಕಿ ಹಾಸ್ಟೆಲು, ನನ್ನ ಕೆಲಸ, ಎಲ್ಲಾ. ನಾಳಿ ಆ ಕಡಿಗಿ ಹೋದ್ರ ಈಕಿಗಿ ಕನ್ನಡ ಓದಾಕ ಬರಲ್ಲ ಅಂತ ಆಕಿನ್ನ ಹೊರಗ ನಿಲ್ಲಸ್ತಾರ. ಇವತ್ತ ನಿಮಗ ಏನು ಆಗ್ಯದಲ್ಲ, ಅದೇ ನಾಳಿ ಆಕಿಗಿ. ಅದಕ್ಕೇನು ಮಾಡ್ತೀರಿ, ಮೊದ್ಲು ಅದು ಬರೀರಿ. ಬರಿಯಂಗಿಲ್ಲಂದ್ರ ನಂದು ಬ್ಯಾಡ."

ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬರು ನಕ್ಕರು. "ಹಂಗಾರ ನಿನ್ನ ಮನಿ ಒಂದು ಮಹಾರಾಷ್ಟ್ರದಾಗೇ ಬಿಟ್ಟು ಹೋಗ್ತೇವಿ ಬಾಯಿ. ನಿನ್ನ ನೋಡಾಕ ಪಾಸ್‌ಪೋರ್ಟ್ ತೊಗೊಂಡು ಬರ್ತೇವಿ."

ಎಲ್ಲರೂ ನಕ್ಕರು. ಶಾಂತಾಬಾಯಿಯೂ ನಕ್ಕರು.

"ಬರ್ರಿ. ನಮ್ಮ ಮನ್ಯಾಗ ಚಹಾ ಕುಡೀತೀರಿ ಅಂದ್ರ ಬರ್ರಿ."

ನಗು ನಿಂತಿತು. ಆ ಕಟ್ಟೆಯ ಮೇಲಿದ್ದವರಲ್ಲಿ ಅವರ ಮನೆಯ ಚಹಾ ಕುಡಿದವರು ಯಾರೂ ಇರಲಿಲ್ಲ. ಮಾಮ, ಆಯ್ತು ಆಯ್ತು, ಬರಕೋತಾಳ, ಎಂದು ನನ್ನ ಕಡೆ ನೋಡಿದರು.

ಅವರು ಮೇಜಿನ ಹತ್ತಿರ ಬಂದರು. ನಾನು ಊರವರ ಸಹಿಗಳಿಂದ ಅರ್ಧ ತುಂಬಿದ್ದ ಹಾಳೆ ಮುಂದೆ ಇಟ್ಟೆ. ಅವರು ಮುಟ್ಟಲಿಲ್ಲ. "ನನ್ನ ಮಾತು ಬ್ಯಾರೆ ಅದ. ನನಗ ಬ್ಯಾರೆ ಹಾಳಿ ಕೊಡು."

ಹೊಸ ಹಾಳೆ ಕೊಟ್ಟೆ. ಅದರ ತೀರ ಕೆಳಗಿನ ಗೆರೆಯ ಮೇಲೆ, ಸಣ್ಣ ಅಕ್ಷರದಲ್ಲಿ, ಮರಾಠಿಯಲ್ಲಿ ತಮ್ಮ ಪೂರ್ತಿ ಹೆಸರು ಬರೆದರು. ಮೇಲೆ ಇಡೀ ಪುಟ ಖಾಲಿ ಉಳಿಯಿತು. ಜಾಗ ಸಾಕಾಗುತ್ತದಲ್ಲ ಎಂದು ಕೇಳಿದರು. ಸಾಕಾಗುತ್ತದೆ ಮೌಶಿ ಎಂದೆ. ಅಂಗನವಾಡಿಯಲ್ಲಿ ಮಕ್ಕಳು ಉಣ್ಣುವ ಹೊತ್ತಾಗಿತ್ತು, ಅವರಿಗೆ ನಿಲ್ಲಲು ಪುರಸೊತ್ತಿರಲಿಲ್ಲ. ಹೋಗುವ ಮೊದಲು ಹೇಳಿದರು:

"ನಾ ಅಂದಿದ್ದಷ್ಟೇ ಬರಿ. ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ. ನೀ ಯಮುನಾನ ಮಗಳು."

ಯಮುನಾ ಎಂದರೆ ಅವ್ವ.

ಮಧ್ಯಾಹ್ನ ಮಾಮನ ಪಡಸಾಲೆಯಲ್ಲಿ ಬರೆಯಲು ಕುಳಿತೆ. ಮರುದಿನ ಅಫಜಲಪುರದಲ್ಲಿ ಇಂಥ ಊರುಗಳವರೆಲ್ಲ ಸೇರುವುದಿತ್ತು. ಕಾಗದ ಅಷ್ಟರಲ್ಲಿ ತಯಾರಾಗಬೇಕು. ಒಂದೊಂದೇ ಹಾಳೆಯ ಮೇಲಿನ ಅರ್ಧ ತುಂಬುತ್ತ ಬಂದೆ. ನೀರು, ರಸ್ತೆ, ಶಾಲೆ, ಆಸ್ಪತ್ರೆ. ಚೆನ್ನಾಗಿ ಬರುತ್ತಿತ್ತು. ನನಗೇ ಗೊತ್ತಾಗುವಷ್ಟು ಚೆನ್ನಾಗಿ. ಕೊನೆಯ ಪ್ಯಾರಾ ಮನಸ್ಸಿನಲ್ಲಿ ಪೂರ್ತಿ ಸಿದ್ಧವಾಗಿ ನಿಂತಿತ್ತು. ಆದರೆ ಸಹಿ ಹಾಕಿದ ಹಾಳೆಗಳು ಮುಗಿದಿದ್ದವು. ಉಳಿದದ್ದು ಶಾಂತಾಬಾಯಿಯದು.

ಮಾಮ ಅದನ್ನೇ ಎತ್ತಿ ನನ್ನ ಮುಂದೆ ಇಟ್ಟರು. ಇದು ಮೌಶಿಯದು ಎಂದೆ. ಅವಳ ಸಹಿಯೂ ಊರಿನ ಸಹಿಯೇ ಅಲ್ಲವೇ ಎಂದರು. ಸಿಟ್ಟಿಲ್ಲದೆ, ತಿಳಿಸಿ ಹೇಳುವ ದನಿಯಲ್ಲಿ ಮುಂದುವರಿಸಿದರು.

"ಆಕಿ ಬ್ಯಾಡ ಅಂದಿದ್ದು ಬರದ್ರ ನಮ್ಮ ವಿರುದ್ಧ ಇದ್ದ ಮಂದಿ ಅದೊಂದೇ ಓದ್ತಾರ. ಉಳದ ಹಾಳಿ ಯಾರೂ ನೋಡಂಗಿಲ್ಲ."

ಇದನ್ನು ಮಾಮನ ಮೇಲೆ ಹಾಕಲು ಬರೆಯುತ್ತಿಲ್ಲ. ಅವರು ಹೇಳಿದರು, ಪೆನ್ನು ನನ್ನ ಕೈಯಲ್ಲಿತ್ತು. ಅವರ ಮನೆಯ ಎದುರಿನ ಅಂಗಡಿಯಲ್ಲಿ ಹಾಳೆ ಸಿಗುತ್ತಿತ್ತು. ಎದ್ದು ಹೋಗಿ ತರಬಹುದಿತ್ತು. ಶಾಂತಾಬಾಯಿಯ ಮಾತನ್ನು ಆಮೇಲೆ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಂಡರಾಯಿತು ಎಂದುಕೊಂಡೆ — ಅಂದುಕೊಂಡೆನೋ, ಅಂದುಕೊಂಡೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆನೋ, ಈಗ ಖಚಿತವಿಲ್ಲ. ಖಚಿತವಿರುವುದು ಬರೆದದ್ದು ಮಾತ್ರ.

'ಮನೆಯಲ್ಲಿ ಆಡುವ ಮಾತಿನಲ್ಲಿಯೇ ನಮ್ಮ ಮಕ್ಕಳು ಅಕ್ಷರ ಕಲಿಯಲಿ. ಮಕ್ಕಳು ಬರೆದದ್ದನ್ನು ತಾಯಂದಿರು ಓದುವಂತಾಗಲಿ. ಇದು ಇಡೀ ಊರಿನ ಒಂದೇ ಕೊರಳಿನ ಮಾತು. ಒಬ್ಬರೂ ಬೇಡವೆನ್ನಲಿಲ್ಲ.'

ಬರೆಯುವಾಗ ನಾನು ಊರನ್ನು ನೆನೆಯುತ್ತಿರಲಿಲ್ಲ. ಅವ್ವನನ್ನು — ಅಲ್ಲ, ಅವ್ವನನ್ನೂ ಅಲ್ಲ. ಕೊನೆಯ ವಾಕ್ಯ ಇಲ್ಲದಿದ್ದರೆ ಅದರ ಹಿಂದಿನದು ಕುಂಟುತ್ತದೆ ಎಂದು ನನ್ನ ಕಿವಿಗೆ ಅನ್ನಿಸಿತು. ಅಷ್ಟಕ್ಕೇ ಬರೆದೆ.

ಪುಟ ಬಹಳ ಚಂದ ಕಾಣುತ್ತಿತ್ತು. ಉಳಿದ ಹಾಳೆಗಳ ಕೆಳಗೆ ಸಹಿಗಳ ಗದ್ದಲ. ಇದರಲ್ಲಿ ಮಾತ್ರ ಒಂದು ಪ್ಯಾರಾ, ಅದರ ಕೆಳಗೆ ಬಿಳಿ, ತೀರ ಕೆಳಗೆ ಒಂದೇ ಒಂದು ಸಹಿ. ಫೋನಿನಲ್ಲಿ ಅದರ ಫೋಟೋ ತೆಗೆದೆ. ಕಡಗಂಚಿಯ ನನ್ನ ಸಹಪಾಠಿಗಳ ಗುಂಪಿಗೆ ಕಳಿಸಿದೆ.

ಅದನ್ನು ಹರಡಿದವರು ಯಾರು ಎಂದು ಆಮೇಲೆ ಊರೆಲ್ಲ ಕೇಳಿತು. ಮಾಮನ ಮೇಲೆ ಅನುಮಾನ ಬಂತು, ಅಫಜಲಪುರದವರ ಮೇಲೆ ಬಂತು. ನನ್ನ ಮೇಲೆ ಯಾರಿಗೂ ಬರಲಿಲ್ಲ. ನಾನು ಹೆಚ್ಚು ಮಾತಾಡದವಳು.

ಅಂದು ಸಂಜೆ ಆಳಂದಕ್ಕೆ ಬಂದಾಗ ಅವ್ವ, ಏನು ಬರದಿ, ಓದಿ ಹೇಳು, ಎಂದಳು. ಓದಿದೆ. ಕೊನೆಯ ವಾಕ್ಯ ಬಿಟ್ಟು ಓದಿದೆ. ತಾಯಂದಿರು ಓದುವಂತಾಗಲಿ ಎಂಬಲ್ಲಿ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಶಾಂತಾ ಬಂದಿದ್ದಳೇನು, ಏನಂದಳು ಎಂದು ಕೇಳಿದಳು.

"ಬಂದಿದ್ರು. ಸಹಿ ಮಾಡಿದ್ರು," ಎಂದೆ.

ಮರುದಿನ ಅಫಜಲಪುರದ ಸಭೆಯಲ್ಲಿ ಆ ಪುಟವನ್ನು ಯಾರೋ ಏರುದನಿಯಲ್ಲಿ ಓದಿದರು. ಜನ ಚಪ್ಪಾಳೆ ತಟ್ಟಿದರು. ನಾನು ಹೆಣ್ಣುಮಕ್ಕಳ ಸಾಲಿನಲ್ಲಿ ಹಿಂದೆ ಕುಳಿತಿದ್ದೆ. ಪಕ್ಕದಲ್ಲಿದ್ದ ಹೆಂಗಸು, ಯಾರು ಬರದಾರೋ ಏನೋ, ಕರಳು ಹಿಂಡಿದಂಗ ಆತು, ಎಂದರು. ನಾನು ನೆಲ ನೋಡಿದೆ. ನನ್ನ ಬದುಕಿನಲ್ಲಿ ಅಷ್ಟು ಸಂತೋಷ ಮತ್ತೆ ಆಗಿಲ್ಲ. ಅದನ್ನೂ ಇಲ್ಲಿ ಬರೆಯಬೇಕು.

ನನ್ನ ಫೋಟೋ ಫೋನಿನಿಂದ ಫೋನಿಗೆ ಹೋಗಿ ಗಡಿಯಾಚೆಗೂ ತಲುಪಿತು. ಆ ಕಡೆಯವರು ಅದನ್ನು ನೋಡಿದಾಗ ಅವರಿಗೆ ಕಂಡದ್ದು ಕನ್ನಡದ ಒಂದು ಪುಟ, ಅದರ ಕೆಳಗೆ ತಮ್ಮ ಅಕ್ಷರದಲ್ಲಿ ಒಂದೇ ಒಂದು ಹೆಸರು. ಇಡೀ ಊರಿನ ಪರವಾಗಿ ಈ ಹೆಂಗಸೇ ಬರೆದುಕೊಟ್ಟಿದ್ದಾಳೆ ಎಂದು ತಿಳಿದರು. ಯಾರು ನೋಡಿದರೂ ಹಾಗೆಯೇ ತಿಳಿಯುತ್ತಿದ್ದರು. ಅಂಗನವಾಡಿಗೆ ವಿಚಾರಣೆ ಬಂತು.

ಆ ದಿನ ನಾನು ಆಳಂದದ ಮನೆಯ ಅಂಗಳದಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದೆ. ಗುರುತಿಲ್ಲದ ನಂಬರು. ಎತ್ತಿದರೆ ಶಾಂತಾಬಾಯಿ.

"ಸವಿತಾ, ನಾ ಮೌಶಿ. ಇಲ್ಲಿ ಸಾಹೇಬ್ರು ಬಂದು ಕುಂತಾರ. ಶಾಲಿ ಅಂಗಳದಾಗ ನಾ ಏನಂದಿದ್ದೆ, ಅಷ್ಟು ಹೇಳು. ಹೆದರಬ್ಯಾಡ."

ಹೆದರಬೇಡ ಎಂದು ಅವರು ನನಗೆ ಹೇಳಿದರು.

ಫೋನ್ ಬೇರೆ ಕೈಗೆ ಹೋಯಿತು. ಒಬ್ಬ ಗಂಡಸು ಮರಾಠಿಯಲ್ಲಿ, ಸಭ್ಯವಾಗಿಯೇ, ಈ ಪುಟದ ಮೇಲಿನ ಸಹಿ ಈ ಬಾಯಿಯದೇ ಹೌದೇ ಎಂದು ಕೇಳಿದರು. ಠರಾವು ಸುಳ್ಳೆಂದು ಈಗ ನಾನೇ ಹೇಳಿದರೆ ಮಾಮನ ಗತಿ ಏನು, ಅಫಜಲಪುರದ ಚಪ್ಪಾಳೆ ಏನಾಗುತ್ತದೆ, ನಾನು ಯಾರಾಗಿ ಉಳಿಯುತ್ತೇನೆ — ಇಷ್ಟೂ ಒಂದು ಉಸಿರಿನಲ್ಲಿ ಹೊಳೆದುಹೋಯಿತು. ನಾನು ಮರಾಠಿಯಲ್ಲಿಯೇ ಉತ್ತರ ಕೊಟ್ಟೆ.

"ಸಹೀ ತ್ಯಾಂಚೀಚ್ ಆಹೆ."

ಸಹಿ ಅವರದೇ. ಇದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಮೌಶಿ ಎನ್ನಲಿಲ್ಲ, ಅವರು ಎಂದೆ. ಆ ಸಾಹೇಬರು ಸ್ವಲ್ಪ ಕಾದರು. ಮತ್ತೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ನಾನು ಸುಮ್ಮನಿದ್ದೆ. ಆಚೆ ಶಾಂತಾಬಾಯಿ ಏನಂತ್ರಿ, ಏನಂದಳ್ರಿ ಎಂದು ಕೇಳುತ್ತಿದ್ದದ್ದು ಕೇಳಿಸಿತು. ಫೋನ್ ಇಟ್ಟರು.

ಒಳಗಿನಿಂದ ಅವ್ವ ಯಾರು ಎಂದು ಕೇಳಿದಳು. ಕಾಲೇಜಿನ ಗೆಳತಿ ಎಂದೆ.

ಆಮೇಲೆ ಅವರ ಕೆಲಸ ಹೋಯಿತು. ಅದು ನಿಯಮವೋ ಯಾರದೋ ಸಿಟ್ಟೋ ನನಗೆ ತಿಳಿಯದು, ವಿಚಾರಿಸಲಿಲ್ಲ. ತಾನು ಬೇಡ ಅಂದಿದ್ದೆ, ಠರಾವಿನಲ್ಲಿ ಸುಳ್ಳು ಇದೆ ಎಂದು ಸಾಹೇಬರ ಮುಂದೆ ಹೇಳಿದ್ದಕ್ಕೆ ಮಾಮನ ಕಡೆಯವರು ಅವರೊಂದಿಗೆ ಮಾತು ಬಿಟ್ಟರು. ಅವರ ಓಣಿಯವರಿಗೆ, ಮೇಲಿನ ಓಣಿಯವರ ಜೊತೆ ಸೇರಿ ಸಹಿ ಹಾಕಿ ಈಗ ಅಳುತ್ತಾಳೆ ಎಂದು ಬೇಸರ. ಹೀಗೆ ಎರಡೂ ಕಡೆಯವರಿಗೆ ಬೇಡವಾಗಿ ಆ ಊರಿನಲ್ಲಿ ಅವರು ಎಷ್ಟು ತಿಂಗಳು ಇದ್ದರು ಎಂಬುದೂ ನನಗೆ ಗೊತ್ತಿಲ್ಲ. ಒಂದು ದಿನ ಅವ್ವ ರೊಟ್ಟಿ ಬಡಿಯುತ್ತ, "ಶಾಂತಾ ಮನಿಗಿ ಕೀಲಿ ಹಾಕ್ಯಾಳಂತ. ಸೊಲ್ಲಾಪುರಕ್ಕ ಮಗಳ ಹತ್ರ ಹೋಗ್ಯಾಳಂತ. ನನಗೊಂದು ಮಾತು ಹೇಳಲಿಲ್ಲ ನೋಡು," ಎಂದಳು. ಅವ್ವ ಆಮೇಲೆ ಹಲವು ಸಲ ಫೋನ್ ಮಾಡಿದಳು. ಆಚೆ ಎತ್ತಲಿಲ್ಲ. ನಾನೇನು ತಪ್ಪು ಮಾಡೇನಿ ಎಂದು ಅವ್ವ ನನ್ನನ್ನೇ ಕೇಳಿದಳು.

ಠರಾವಿನಿಂದ ಏನೂ ಆಗಲಿಲ್ಲ. ಕಾಗದ ಎಲ್ಲೋ ಒಂದು ಕಡತದಲ್ಲಿದೆ. ಗಡಿ ಇದ್ದಲ್ಲಿಯೇ ಇದೆ. ಜಾಗ ಬಿಟ್ಟು ಸರಿದವರು ಶಾಂತಾಬಾಯಿ ಒಬ್ಬರೇ.

ನಾನು ಜೇವರ್ಗಿಗೆ ಬಂದೆ. ಇಲ್ಲಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಾಡಿಗೆಯ ಒಂದು ಕೋಣೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟರೆ ಸೋಮವಾರ ಹಾಜರಿ ಕೂಗುವ ತನಕ ನನ್ನ ದನಿ ನನಗೇ ಕೇಳಿಸುವುದಿಲ್ಲ. ಅವ್ವ ಬಾ ಎಂದರೂ ಪ್ರತಿ ವಾರ ಆಳಂದಕ್ಕೆ ಹೋಗುವುದಿಲ್ಲ. ಅವಳು ಶಾಂತಾಬಾಯಿಯ ಮಾತೆತ್ತುತ್ತಾಳೆ.

ಅಕ್ಷರ ಚಂದ ಎಂದು ಕಾಲೇಜಿನಲ್ಲಿ ಸಭೆಯ ನಡಾವಳಿ ಬರೆಯುವ ಕೆಲಸ ನನಗೇ ಬಂತು. ಸರ್ವಾನುಮತದಿಂದ ಒಪ್ಪಲಾಯಿತು ಎಂದು ಒಂದು ಸಾಲು ಬರೆದರೆ ಮುಗಿಯುತ್ತದೆ. ನನಗೆ ಅದು ಬರೆಯಲಾಗುವುದಿಲ್ಲ. ಹಾಜರಿದ್ದ ಒಬ್ಬೊಬ್ಬರನ್ನೂ ಕೇಳಿ, ಅವರವರ ಹೆಸರು ಹಾಕಿ, ಒಪ್ಪಿದರು, ಸುಮ್ಮನಿದ್ದರು ಎಂದು ಬೇರೆ ಬೇರೆ ಬರೆಯುತ್ತೇನೆ. ಕೋರ್ಟ್ ಕೇಸಿಗೆ ಬರೀತೀರ ಏನ್ರಿ ಮೇಡಂ ಎಂದು ಸಹೋದ್ಯೋಗಿಗಳು ನಗುತ್ತಾರೆ. ನಾನೂ ನಗುತ್ತೇನೆ. ಇದರಿಂದ ಶಾಂತಾಬಾಯಿಗೆ ಏನೂ ಬಂದಿಲ್ಲ.

ಹೋದ ತಿಂಗಳು ಮಾಮ ಫೋನ್ ಮಾಡಿದರು. ಗಡಿಯ ಮಾತು ಮತ್ತೆ ಎದ್ದಿದೆ, ಮತ್ತೆ ಠರಾವು ಮಾಡುವುದಿದೆ, ನೀನೇ ಬರೆಯಬೇಕು ಎಂದರು. ಹೋದ ಸಲದ ಪುಟವನ್ನು ಜನ ಇನ್ನೂ ನೆನೆಯುತ್ತಾರಂತೆ.

"ಆ ಕೊನೀ ಮಾತು ಮತ್ತ ಹಾಕು ಬೇ, ಒಬ್ಬರೂ ಬ್ಯಾಡ ಅನ್ನಲಿಲ್ಲ ಅಂತ. ಈ ಸರ್ತಿ ಅದು ಖರೇನೂ ಆಗ್ತದ," ಎಂದು ನಕ್ಕರು.

ಅವರು ಕೆಟ್ಟವರಲ್ಲ. ಸುಮ್ಮನೆ ನಕ್ಕರು. ಆ ವಾಕ್ಯ ಈ ಸಲ ನಿಜವಾಗುತ್ತದೆ. ನಿಜವಾಗುವಂತೆ ಮಾಡಿದವಳು ನಾನು.

ಸುಜಾತಾಳ ನಂಬರು ಅವ್ವನ ಹಳೆಯ ಚೀಟಿಗಳಲ್ಲಿತ್ತು. ಒಂದು ಭಾನುವಾರ ಸೊಲ್ಲಾಪುರಕ್ಕೆ ಹೋದೆ. ಸುಜಾತಾ ನರ್ಸ್ ಆಗಿದ್ದಾಳೆ. ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನನ್ನನ್ನು ನೋಡಿ, ಚಪ್ಪಲಿ ಹಾಕಿಕೊಂಡು ಹೋದಳು. ಶಾಂತಾಬಾಯಿ ಒಳಗೆ ಕರೆದು ನೀರು ಕೊಟ್ಟರು. ತೆಳ್ಳಗಾಗಿದ್ದರು. ನಾನು ಎಲ್ಲವನ್ನೂ ಹೇಳಿದೆ. ಹಾಳೆ, ಫೋಟೋ, ಫೋನು. ಫೋಟೋ ಕಳಿಸಿದವಳು ನಾನೆಂಬುದು ಅವರಿಗೆ ಗೊತ್ತಿರಲಿಲ್ಲ. ಆ ಮಾತಿಗೆ ಮಾತ್ರ ಅವರು ಒಮ್ಮೆ ತಲೆ ಎತ್ತಿದರು.

ನಾನು ಒಂದು ಹಾಳೆ ಒಯ್ದಿದ್ದೆ. ಉದ್ದನೆಯದು, ಖಾಲಿಯದು, ತೀರ ಕೆಳಗಿನ ಗೆರೆಯಲ್ಲಿ ನನ್ನ ಸಹಿ ಹಾಕಿದ್ದೆ. ಅದನ್ನು ಅವರ ಮುಂದೆ ಇಟ್ಟು, ಮೇಲೆ ನಿಮಗೆ ಬೇಕಾದದ್ದು ಬರೆಯಿರಿ, ಯಾರಿಗೆ ಬೇಕಾದರೂ ಕೊಡಿ ಎಂದೆ. ಬಸ್ಸಿನುದ್ದಕ್ಕೂ ಆ ಹಾಳೆಯ ಬಗ್ಗೆ ನನಗೆ ಒಂದು ಸಮಾಧಾನ ಇತ್ತು. ಅದೂ ಚಂದದ ವಾಕ್ಯದಂತೆಯೇ ಹೊಳೆದದ್ದು ಎಂದು ಈಗ ತಿಳಿಯುತ್ತದೆ.

ಶಾಂತಾಬಾಯಿ ಹಾಳೆ ಎತ್ತಿ ನೋಡಿದರು. ನನ್ನ ಸಹಿ ಇದ್ದ ಅಂಚನ್ನು ಹರಿದು ಬೇರೆ ಮಾಡಿ, ಆ ಚೂರನ್ನು ನನ್ನ ಕೈಯಲ್ಲಿ ಇಟ್ಟರು.

"ಖಾಲಿ ಹಾಳಿ ಮ್ಯಾಲ ಸಹಿ ಮಾಡಬ್ಯಾಡ ಮಗಳ. ನಾ ಒಮ್ಮಿ ಮಾಡಿ ನೋಡೇನಿ."

ಆಮೇಲೆ, ನಿನ್ನ ತಪ್ಪನ್ನು ನಾನ್ಯಾಕೆ ಬರೆಯಲಿ, ನೀನೇ ಬರಿ ಎಂದರು. ಕೊನೆಗೆ ಅವ್ವನ ಬಗ್ಗೆ ಕೇಳಿದರು.

"ಯಮುನಾಗ ಗೊತ್ತದ ಏನು?"

ಇಲ್ಲ ಎಂದೆ.

"ಗೊತ್ತದ ಅಂತ ತಿಳದಿದ್ದೆ. ಮಗಳ ಮಾತಿಗಿ ಹೌದಂದು ಸುಮ್ನಾಗ್ಯಾಳ ಅಂತ ತಿಳದು ನಾ ಫೋನ್ ಎತ್ತಲಿಲ್ಲ. ನಾಕು ವರ್ಷ." ಗೋಡೆಯ ಕಡೆ ನೋಡಿದರು. "ಮೊದ್ಲು ಆಕಿಗಿ ಕೊಡು. ಆಕಿ ಓದಂಗ ಬರಿ."

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಬಾಗಿಲ ತನಕ ಬಂದರು, ಹೊರಗೆ ಬರಲಿಲ್ಲ.

ಆಕಿ ಓದಂಗ ಬರಿ ಎಂದರೆ ಮರಾಠಿಯಲ್ಲಿ. ಶಾಲೆಯ ಹಿಂದಿಯಿಂದ ಆ ಅಕ್ಷರ ಗೊತ್ತಿತ್ತು, ಆದರೆ ಅಲ್ಲಿಯ ತನಕ ನಾನು ಮರಾಠಿಯಲ್ಲಿ ಒಂದು ಪುಟವೂ ಬರೆದವಳಲ್ಲ. ಜೇವರ್ಗಿಯ ಕೋಣೆಯಲ್ಲಿ ಕುಳಿತು ಮೊದಲು ಕನ್ನಡದಲ್ಲಿ ಬರೆದೆ, ಅದೇ ಸುಲಭವಾಗಿತ್ತು. ಆಮೇಲೆ ಮರಾಠಿಯಲ್ಲಿ. ಅಲ್ಲಿ ನನಗೆ ಚಂದದ ವಾಕ್ಯ ಬರುವುದಿಲ್ಲ. ಹಾಗಾಗಿ ಆದದ್ದು ಮಾತ್ರ ಬಂತು: ಶಾಂತಾಬಾಯಿ ಬೇಡ ಅಂದಿದ್ದರು. ನಾನು ಬರೆಯಲಿಲ್ಲ. ಅವರ ಹಾಳೆಯಲ್ಲಿ ಬೇರೆ ಬರೆದೆ. ಫೋಟೋ ಕಳಿಸಿದವಳು ನಾನು. ಕೇಳಿದಾಗ ಅರ್ಧ ಹೇಳಿದೆ.

ಮೊನ್ನೆ ಭಾನುವಾರ ಆಳಂದಕ್ಕೆ ಹೋಗಿ ಅವ್ವನ ಕೈಯಲ್ಲಿ ಕೊಟ್ಟೆ. ಅಭ್ಯಾಸದಂತೆ ಅವಳು, ಓದಿ ಹೇಳು, ಎಂದಳು. ನೀನೇ ಓದು ಎಂದೆ. ಅವ್ವ ಹಾಳೆ ನೋಡಿದಳು, ನನ್ನನ್ನು ನೋಡಿದಳು. ಈಗ ಅವಳಿಗೆ ಕನ್ನಡಕ ಇದೆ. ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ತುಟಿ ಅಲುಗುತ್ತಿತ್ತು. ನಾನು ಬರೆದದ್ದನ್ನು ಅವ್ವ ಓದಿದ್ದು ಅದೇ ಮೊದಲು. ಬೆರಳು ಒಂದು ಸಾಲಿನಲ್ಲಿ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಮುಂದೆ ಬಂತು. ಕೊನೆಯ ಸಾಲು ಮುಗಿದ ಮೇಲೆ ಹಾಳೆಯ ಹಿಂಬದಿ ತಿರುಗಿಸಿದಳು. ಅಲ್ಲಿ ಏನೂ ಇರಲಿಲ್ಲ.

"ಸಹಿ ಎಲ್ಲಿ ಅದ?" ಎಂದಳು.

ಕೊನೆಯ ಸಾಲಿಗೆ ಅಂಟಿದಂತೆ, ನಡುವೆ ಜಾಗ ಬಿಡದೆ, ಅವಳಿಗೆ ಓದಲು ಬರುವ ಅಕ್ಷರದಲ್ಲಿ ನನ್ನ ಹೆಸರು ಬರೆದೆ. ಅವ್ವ ಹಾಳೆ ಮಡಿಚಿಕೊಂಡು, ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದಳು. ಬಾಗಿಲು ಎಳೆದುಕೊಂಡಳು. ಆಚೆ ಎತ್ತಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕೇಳುವ ಹಕ್ಕು ನನಗಿಲ್ಲ. ನಾನು ಹೊರಡುವಾಗಲೂ ಅವಳು ನನ್ನೊಂದಿಗೆ ಮಾತಾಡಿರಲಿಲ್ಲ.

ಇನ್ನೊಂದು ಪ್ರತಿಗೂ ಹಾಗೆಯೇ ಸಹಿ ಹಾಕಿ, ಅಂದು ವಿಚಾರಣೆಗೆ ಬಂದಿದ್ದ ಸಾಹೇಬರ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಹೋದ ಕೆಲಸ ಅದರಿಂದ ಮರಳುತ್ತದೆ ಎಂದು ನಾನು ನಂಬಿಲ್ಲ. ಬರುವ ವಾರ ಶಾಲೆಯ ಅಂಗಳದಲ್ಲಿ ಸಭೆ ಇದೆ. ಬರುತ್ತೇನೆ ಎಂದು ಮಾಮನಿಗೆ ಹೇಳಿದ್ದೇನೆ. ಯಾಕೆ ಎಂಬುದನ್ನೂ ಹೇಳಿದ್ದೇನೆ. ಅವರು ಫೋನ್ ಇಟ್ಟುಬಿಟ್ಟರು. ಹಾಳೆಗಳ ಕಟ್ಟು ಮೇಜಿನ ಮೇಲೆ ಇರುತ್ತದೆ. ಸಹಿ ಶುರುವಾಗುವ ಮೊದಲು ನಾನು ಎದ್ದು ನಿಂತು ಇದನ್ನು ಓದುತ್ತೇನೆ, ಎರಡೂ ಭಾಷೆಯಲ್ಲಿ. ಆಮೇಲೆ ಬೇಡ ಎನ್ನುವವರಿದ್ದಾರೆಯೇ ಎಂದು ಕೇಳುತ್ತೇನೆ.

ಶಾಂತಾಬಾಯಿ ಅಲ್ಲಿ ಇರುವುದಿಲ್ಲ.